ಕ್ಯಾನಿಸ್ಟರ್ ಫಿಲ್ಟರ್ ಕೊಳ್ಳುವ ಮುನ್ನ: ಗಂಟೆಗೆ ಎಷ್ಟು ಲೀಟರ್ ಎಂಬುದಕ್ಕಿಂತ ಮುಖ್ಯವಾದ ಲೆಕ್ಕಗಳು

ಬೆಂಗಳೂರಿನ ಯಾವ ಅಕ್ವೇರಿಯಂ ಅಂಗಡಿಗೆ ಹೋಗಿ, ಟ್ಯಾಂಕಿನ ಹೊರಗೆ ಕೂತು ನೀರು ಸೋಸುವ ಕ್ಯಾನಿಸ್ಟರ್ ಫಿಲ್ಟರ್ ಕೇಳಿದರೂ ಅಂಗಡಿಯವರ ಮೊದಲ ಪ್ರಶ್ನೆ "ಟ್ಯಾಂಕ್ ಎಷ್ಟು ಅಡಿ ಸಾರ್?" ಎಂಬುದೇ ಆಗಿರುತ್ತದೆ. ಮೂರಡಿ ಎಂದರೆ ಒಂದು ಪೆಟ್ಟಿಗೆ, ನಾಲ್ಕಡಿ ಎಂದರೆ ಅದಕ್ಕಿಂತ ದೊಡ್ಡದೊಂದು ಕೌಂಟರಿನ ಮೇಲೆ ಬಂದು ಕೂರುತ್ತದೆ. ಪೆಟ್ಟಿಗೆಯ ಮೇಲೆ ಗಂಟೆಗೆ 1000 ಲೀಟರ್, 1400 ಲೀಟರ್, 2000 ಲೀಟರ್ ಎಂದು ದಪ್ಪ ಅಂಕಿಗಳಲ್ಲಿ ಅಚ್ಚಾಗಿರುತ್ತದೆ. ಕೊಳ್ಳುವವರು ಆ ಅಂಕಿಯನ್ನೂ ಬೆಲೆಯನ್ನೂ ಜೋಡಿಸಿ ನೋಡಿ, ಕಡಿಮೆ ದುಡ್ಡಿಗೆ ಹೆಚ್ಚು ಲೀಟರ್ ಕೊಡುವುದನ್ನು ಮನೆಗೆ ತರುತ್ತಾರೆ. ನಾನೂ ಮೊದಲ ಸಲ ಹೀಗೆಯೇ ತಂದಿದ್ದೆ. ಆದರೆ ಕ್ಯಾನಿಸ್ಟರ್ ಫಿಲ್ಟರಿನಲ್ಲಿ ನಾವು ದುಡ್ಡು ಕೊಟ್ಟು ಕೊಳ್ಳುವುದು ನೀರೆತ್ತುವ ಮೋಟಾರನ್ನಲ್ಲ. ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾಗಳಿಗೆ ಒಂದು ಮನೆಯನ್ನು, ಮತ್ತು ಆ ಮನೆಯಿಂದ ಒಂದು ಹನಿಯೂ ನೆಲಕ್ಕೆ ಸೋರದಂತೆ ಹಿಡಿದಿಡುವ ಒಂದು ಮುಚ್ಚಳವನ್ನು. ಅಗ್ಗ ಯಾವುದು, ದುಬಾರಿ ಯಾವುದು ಎಂಬುದನ್ನು ಈ ಎರಡರಿಂದ ಅಳೆಯಬೇಕು.

ಬ್ಯಾಕ್ಟೀರಿಯಾದ ಮಾತು ಏಕೆ ಬಂತೆಂದರೆ, ಅಕ್ವೇರಿಯಂನಲ್ಲಿ ಮೀನುಗಳ ಪ್ರಾಣಕ್ಕೆ ಕುತ್ತು ತರುವುದು ಕಣ್ಣಿಗೆ ಕಾಣುವ ಕೊಳೆಯಲ್ಲ. ಮೀನಿನ ಕಿವಿರುಗಳಿಂದ ಹೊರಬರುವ ಅಮೋನಿಯಾ, ತಿನ್ನದೆ ಉಳಿದ ಆಹಾರ ಕೊಳೆತು ಬಿಡುವ ಅಮೋನಿಯಾ, ಇವು ನೀರನ್ನು ಕನ್ನಡಿಯಷ್ಟು ತಿಳಿಯಾಗಿಯೇ ಇರಿಸಿ ಮೀನುಗಳನ್ನು ಕೊಲ್ಲಬಲ್ಲವು. ನೀರಿನ ಪಿಎಚ್ ಮತ್ತು ಉಷ್ಣಾಂಶ ಏರಿದಷ್ಟೂ ಇದರ ವಿಷ ಹೆಚ್ಚು. ಒಂದು ಬಗೆಯ ಸೂಕ್ಷ್ಮಜೀವಿಗಳು ಅಮೋನಿಯಾವನ್ನು ನೈಟ್ರೈಟ್ ಆಗಿ, ನೈಟ್ರೋಸ್ಪೈರಾ ಎಂಬ ಗುಂಪಿನ ಬ್ಯಾಕ್ಟೀರಿಯಾಗಳು ಆ ನೈಟ್ರೈಟನ್ನು ನೈಟ್ರೇಟ್ ಆಗಿ ಬದಲಿಸುತ್ತವೆ. ನೈಟ್ರೈಟ್ ಕೂಡ ವಿಷವೇ. ನೈಟ್ರೇಟ್ ಮಾತ್ರ ಸಾಕಷ್ಟು ಸೌಮ್ಯ, ವಾರಕ್ಕೊಮ್ಮೆ ಸ್ವಲ್ಪ ನೀರು ಬದಲಿಸಿದರೆ ಹತೋಟಿಯಲ್ಲಿರುತ್ತದೆ. ಈ ಜೀವಿಗಳು ನೀರಿನಲ್ಲಿ ತೇಲಾಡುವುದಕ್ಕಿಂತ ಹೆಚ್ಚಾಗಿ ಯಾವುದಾದರೊಂದು ಮೇಲ್ಮೈಗೆ ಅಂಟಿಕೊಂಡು ತೆಳುವಾದ ಲೋಳೆಯ ಪದರವಾಗಿ ಬಾಳುತ್ತವೆ. ಹಾಗಾಗಿ ಅವಕ್ಕೆ ಬೇಕಾದದ್ದು ಅಂಟಿಕೊಳ್ಳಲು ವಿಶಾಲವಾದ ಮೇಲ್ಮೈ ಮತ್ತು ನಿಲ್ಲದೆ ಹರಿದು ಬರುವ ಆಮ್ಲಜನಕ. ಸ್ಪಾಂಜು, ಸೆರಾಮಿಕ್ ರಿಂಗು, ಲಾವಾ ಕಲ್ಲು ಎಂದು ನಾವು ಫಿಲ್ಟರಿಗೆ ತುಂಬುವ ಮೀಡಿಯಾ ಎಲ್ಲವೂ ಈ ಮೇಲ್ಮೈಯೇ.

ಕ್ಯಾನಿಸ್ಟರ್ ಎಂದರೆ ಈ ಮೀಡಿಯಾ ತುಂಬಿದ, ಗಾಳಿಯಾಡದಂತೆ ಮುಚ್ಚಿದ ಒಂದು ಡಬ್ಬಿ. ಅದು ಟ್ಯಾಂಕಿನ ಕೆಳಗಿನ ಕಪಾಟಿನಲ್ಲಿ ಕೂರುತ್ತದೆ. ಒಂದು ಪೈಪಿನಲ್ಲಿ ಟ್ಯಾಂಕಿನ ನೀರು ತಾನಾಗಿ ಕೆಳಗಿಳಿದು ಡಬ್ಬಿಯ ತಳ ಸೇರಿ, ಮೀಡಿಯಾದ ಪದರಗಳನ್ನು ಒಂದೊಂದಾಗಿ ಹಾದು ಮೇಲೇರುತ್ತದೆ. ಮುಚ್ಚಳದಲ್ಲಿರುವ ಪುಟ್ಟ ಮೋಟಾರು ಅದನ್ನು ಇನ್ನೊಂದು ಪೈಪಿನ ಮೂಲಕ ಟ್ಯಾಂಕಿಗೆ ಮರಳಿ ಕಳಿಸುತ್ತದೆ. ಮೂರ್ನಾಲ್ಕು ಅಡಿ ಎತ್ತರಕ್ಕೆ ನೀರು ಏರಿಸಲು ಇಷ್ಟು ಚಿಕ್ಕ ಮೋಟಾರು ಸಾಕಾಗುವುದು ಹೇಗೆಂದು ಹಲವರು ಕೇಳುತ್ತಾರೆ. ಎರಡೂ ಪೈಪುಗಳಲ್ಲಿ ನೀರು ತುಂಬಿರುವುದರಿಂದ ಇಳಿಯುವ ನೀರಿನ ಭಾರವೇ ಏರುವ ನೀರನ್ನು ಎತ್ತಿ ಹಿಡಿದಿರುತ್ತದೆ, ತಕ್ಕಡಿಯ ಎರಡು ತಟ್ಟೆಗಳು ಸಮತೂಗಿದಂತೆ. ಪೈಪಿನ ಒಳಮೈ ಮತ್ತು ಮೀಡಿಯಾ ಒಡ್ಡುವ ತಡೆಯನ್ನು ಗೆಲ್ಲುವುದಷ್ಟೇ ಮೋಟಾರಿನ ಪಾಲಿನ ಕೆಲಸ. ಸ್ಪಾಂಜು ಕೊಳೆ ಕಟ್ಟಿದಂತೆಲ್ಲ ನೀರಿನ ಓಟ ಕುಗ್ಗುವುದಕ್ಕೂ ಇದೇ ಕಾರಣ.

ಹಾಗಾದರೆ ನಿಮಗೆ ಕ್ಯಾನಿಸ್ಟರ್ ಬೇಕೇ ಎಂಬುದನ್ನು ಮೊದಲು ಲೆಕ್ಕ ಹಾಕಬೇಕು. ಟ್ಯಾಂಕಿನ ಉದ್ದ, ಅಗಲ, ಎತ್ತರಗಳನ್ನು ಇಂಚಿನಲ್ಲಿ ಅಳೆದು ಗುಣಿಸಿ 61ರಿಂದ ಭಾಗಿಸಿದರೆ ಲೀಟರ್ ಸಿಗುತ್ತದೆ. 24×12×12 ಇಂಚಿನ ಟ್ಯಾಂಕ್ ಸುಮಾರು 57 ಲೀಟರ್. 36×18×18 ಇಂಚಿನದು ಸುಮಾರು 191 ಲೀಟರ್. 48×18×18 ಇಂಚಿನದು ಸುಮಾರು 255 ಲೀಟರ್. ತಳದ ಜಲ್ಲಿ, ಕಲ್ಲು, ಮೇಲೆ ಬಿಡುವ ಖಾಲಿ ಜಾಗ ಕಳೆದರೆ ನಿಜವಾದ ನೀರು ಇದಕ್ಕಿಂತ ಆರನೇ ಒಂದು ಭಾಗದಷ್ಟು ಕಡಿಮೆ. ಎರಡಡಿಯ ಟ್ಯಾಂಕಿನಲ್ಲಿ ಗಪ್ಪಿ, ಟೆಟ್ರಾ ಸಾಕುವವರಿಗೆ ಕ್ಯಾನಿಸ್ಟರ್ ಬೇಕಿಲ್ಲವೆಂದು ನಾನು ಖಚಿತವಾಗಿ ಹೇಳುತ್ತೇನೆ. ಗಾಳಿಯ ಪಂಪಿಗೆ ಜೋಡಿಸಿದ ಒಳ್ಳೆಯ ಸ್ಪಾಂಜ್ ಫಿಲ್ಟರು ಅಲ್ಲಿ ಅದೇ ಕೆಲಸವನ್ನು ಬಹಳ ಕಡಿಮೆ ದುಡ್ಡಿನಲ್ಲಿ ಮಾಡುತ್ತದೆ, ಮರಿಗಳನ್ನು ಎಳೆದುಕೊಳ್ಳುವುದೂ ಇಲ್ಲ. ಮೂರಡಿಯಿಂದ ಮೇಲಕ್ಕೆ, ಅದರಲ್ಲೂ ಗೋಲ್ಡ್‌ಫಿಶ್, ಆಸ್ಕರ್‌ನಂಥ ಹೆಚ್ಚು ತಿಂದು ಹೆಚ್ಚು ಗಲೀಜು ಮಾಡುವ ಮೀನುಗಳಿದ್ದರೆ, ಇಲ್ಲವೇ ಗಿಡಗಳನ್ನು ನೆಟ್ಟ ಟ್ಯಾಂಕಿನೊಳಗೆ ಉಪಕರಣಗಳು ಕಾಣಬಾರದೆಂದಿದ್ದರೆ, ಕ್ಯಾನಿಸ್ಟರಿಗೆ ಕೊಟ್ಟ ದುಡ್ಡು ದಂಡವಲ್ಲ.

ಈಗ ಪೆಟ್ಟಿಗೆಯ ಮೇಲಿನ ಅಂಕಿಗೆ ಬರೋಣ. ಸಾಮಾನ್ಯವಾಗಿ ಆ ಅಂಕಿ ಖಾಲಿ ಡಬ್ಬಿಯಲ್ಲಿ, ಯಾವ ಅಡ್ಡಿಯೂ ಇಲ್ಲದೆ ಮೋಟಾರು ನೂಕಬಲ್ಲ ಗರಿಷ್ಠ ನೀರು. ಮೀಡಿಯಾ ತುಂಬಿ, ಪೈಪು ಜೋಡಿಸಿ, ತುದಿಗೆ ಸಣ್ಣ ತೂತುಗಳ ಸ್ಪ್ರೇ ಬಾರ್ ಸಿಕ್ಕಿಸಿದ ಮೇಲೆ ಉಳಿಯುವುದು ಎಷ್ಟೆಂದು ಮನೆಯಲ್ಲೇ ಅಳೆಯಬಹುದು. ಹೊರಹೋಗುವ ಪೈಪಿನ ತುದಿಯನ್ನು ಟ್ಯಾಂಕಿನ ನೀರಿನ ಮಟ್ಟದಲ್ಲೇ ಹಿಡಿದು, ಸ್ಟೂಲಿನ ಮೇಲಿಟ್ಟ 10 ಲೀಟರಿನ ಬಕೆಟ್ಟಿಗೆ ನೀರು ಬಿಟ್ಟು, ಮೊಬೈಲಿನಲ್ಲಿ ಸಮಯ ನೋಡಿದರಾಯಿತು. ಪೈಪನ್ನು ನೆಲದ ಹತ್ತಿರಕ್ಕೆ ಇಳಿಸಬಾರದು. ಇಳಿಸಿದರೆ ನೀರು ತನ್ನ ಭಾರದಿಂದಲೇ ರಭಸವಾಗಿ ಬಂದು ಸುಳ್ಳು ಲೆಕ್ಕ ಕೊಡುತ್ತದೆ. ಗಂಟೆಗೆ 1000 ಲೀಟರ್ ಎಂದು ಬರೆದಿದ್ದ ನನ್ನ ಫಿಲ್ಟರು ಬಕೆಟ್ ತುಂಬಿಸಲು 62 ಸೆಕೆಂಡು ತೆಗೆದುಕೊಂಡಿತು, ಅಂದರೆ ಗಂಟೆಗೆ 580 ಲೀಟರ್. ಇದರಲ್ಲಿ ಮೋಸವೇನೂ ಇಲ್ಲ, ಕ್ಯಾನಿಸ್ಟರುಗಳು ಇರುವುದೇ ಹೀಗೆ. ನನ್ನ ಟ್ಯಾಂಕಿನಲ್ಲಿ 160 ಲೀಟರ್ ನಿಜವಾದ ನೀರು ಇರುವುದರಿಂದ ಗಂಟೆಗೆ ಮೂರೂವರೆ ಸಲ ನೀರೆಲ್ಲ ಫಿಲ್ಟರನ್ನು ಹಾದು ಬರುತ್ತದೆ; ಹದವಾಗಿ ಮೀನು ಸಾಕಿದ ಟ್ಯಾಂಕಿಗೆ ಅದು ಧಾರಾಳವಾಯಿತು. ಪೆಟ್ಟಿಗೆಯ ಅಂಕಿ ಟ್ಯಾಂಕಿನ ನೀರಿನ ನಾಲ್ಕರಿಂದ ಆರು ಪಟ್ಟು ಇರಲಿ ಎಂಬ ರೂಢಿಯ ಸೂತ್ರ ಈ ಇಳಿಕೆಗೂ ಜಾಗ ಕೊಡುತ್ತದೆ.

ಆ ಸೂತ್ರವೂ ದೇವವಾಕ್ಯವೇನಲ್ಲ. ಜರ್ಮನಿಯ ಐಹೈಮ್ ಕಂಪನಿಯ ಕ್ಲಾಸಿಕ್ 2213 ಎಂಬ ಹಳೆಯ, ಜಗತ್ತಿನೆಲ್ಲೆಡೆ ಹೆಸರಾದ ಮಾದರಿಯನ್ನು ನೋಡಿ. ಅದರ ಮೋಟಾರು 8 ವಾಟ್, ಹರಿವು ಗಂಟೆಗೆ 440 ಲೀಟರ್ ಮಾತ್ರ. ಆದರೂ 250 ಲೀಟರ್‌ವರೆಗಿನ ಟ್ಯಾಂಕಿಗೆ ಅದು ಸಾಕೆಂದು ತಯಾರಕರೇ ಹೇಳುತ್ತಾರೆ. ಅಂದರೆ ಗಂಟೆಗೆ ಎರಡು ಸಲವೂ ನೀರು ಪೂರ್ತಿ ತಿರುಗುವುದಿಲ್ಲ. ಅಷ್ಟು ಧೈರ್ಯ ಅವರಿಗೆ ಬರುವುದು ಡಬ್ಬಿಯೊಳಗಿನ ಸುಮಾರು 3 ಲೀಟರ್ ಮೀಡಿಯಾದಿಂದ, ಮತ್ತು ಆ ಮೀಡಿಯಾವನ್ನು ತಪ್ಪಿಸಿ ಪಕ್ಕದಿಂದ ನುಸುಳಲು ನೀರಿಗೆ ದಾರಿಯೇ ಇಲ್ಲದಿರುವುದರಿಂದ. ಕಡಿಮೆ ಬೆಲೆಯ ಸಾಲಿನಲ್ಲಿ ನಮ್ಮಲ್ಲಿ ಹೆಚ್ಚು ಕೇಳಿಬರುವ ಚೀನಾದ ಸನ್‌ಸನ್ ಎಚ್‌ಡಬ್ಲ್ಯೂ-302ರಲ್ಲಿ 18 ವಾಟಿನ ಮೋಟಾರು, ಗಂಟೆಗೆ 1000 ಲೀಟರ್. 303ಬಿ ಮಾದರಿಯಲ್ಲಿ 35 ವಾಟ್, 1400 ಲೀಟರ್, ಜೊತೆಗೆ 9 ವಾಟಿನ ಯುವಿ ದೀಪ. ಜರ್ಮನ್ ಫಿಲ್ಟರಿಗಿಂತ ಇವು ಬಹಳ ಅಗ್ಗ, ಕೆಲಸವನ್ನೂ ಮಾಡುತ್ತವೆ. ಆದರೆ ಟ್ರೇಗಳಿರುವ ಯಾವುದೇ ಅಗ್ಗದ ಕ್ಯಾನಿಸ್ಟರನ್ನು ಕೊಳ್ಳುವಾಗ ಅಂಗಡಿಯಲ್ಲೇ ಮುಚ್ಚಳ ತೆಗೆಸಿ, ಟ್ರೇಗಳು ಒಂದರ ಮೇಲೊಂದು ಸಡಿಲವಿಲ್ಲದೆ ಕೂರುತ್ತವೆಯೇ, ಅಂಚಿಗೂ ಡಬ್ಬಿಯ ಗೋಡೆಗೂ ನಡುವೆ ಬೆರಳು ತೂರುವಷ್ಟು ಸಂದಿ ಉಳಿದಿದೆಯೇ ಎಂದು ನೋಡಿ. ನೀರು ಸುಲಭದ ದಾರಿಯನ್ನೇ ಹಿಡಿಯುತ್ತದೆ. ಸಂದಿ ಇದ್ದರೆ ಗಂಟೆಗೆ ಸಾವಿರ ಲೀಟರೂ ಅಲ್ಲಿಂದಲೇ ಹೋಗಿ, ಒಳಗಿನ ಮೀಡಿಯಾ ಇದ್ದೂ ಇಲ್ಲದಂತಾಗುತ್ತದೆ. ಒಂದೇ ಬೆಲೆಯ ಎರಡು ಫಿಲ್ಟರುಗಳ ನಡುವೆ ಆಯ್ಕೆ ಬಂದರೆ ಲೀಟರ್ ಹೆಚ್ಚಿರುವುದನ್ನು ಬಿಟ್ಟು ಡಬ್ಬಿ ದೊಡ್ಡದಿರುವುದನ್ನು ಕೊಳ್ಳಿ.

ಡಬ್ಬಿಗೆ ಏನು ತುಂಬಬೇಕು ಎಂಬಲ್ಲಿ ದುಡ್ಡು ಉಳಿಸಲು ನಿಜವಾದ ಅವಕಾಶವಿದೆ. ನೀರು ಮೊದಲು ಮುಟ್ಟುವ ಕೆಳಗಿನ ಟ್ರೇಯಲ್ಲಿ ದೊಡ್ಡ ರಂಧ್ರಗಳ ಒರಟು ಸ್ಪಾಂಜು ಇರಬೇಕು. ಅದು ಎಲೆಚೂರು, ಹಿಕ್ಕೆಗಳನ್ನು ತಡೆಯುತ್ತದೆ. ನಡುವೆ ಸೆರಾಮಿಕ್ ರಿಂಗು ಅಥವಾ ಲಾವಾ ಕಲ್ಲು, ತುದಿಯಲ್ಲಿ ತೆಳುವಾಗಿ ಹರಡಿದ ಬಿಳಿ ಫಿಲ್ಟರ್ ಹತ್ತಿ. ಈ ಕ್ರಮ ತಿರುವುಮುರುವಾದರೆ ಹತ್ತಿ ಎರಡೇ ವಾರದಲ್ಲಿ ಕಟ್ಟಿಕೊಂಡು ಹರಿವು ನಿಂತುಹೋಗುತ್ತದೆ. ಹೆಸರಾಂತ ಕಂಪನಿಗಳ ಬಯೋ ಮೀಡಿಯಾದ ಬೆಲೆ ಕೆಲವೊಮ್ಮೆ ಫಿಲ್ಟರಿನ ಬೆಲೆಯನ್ನೇ ಮುಟ್ಟುತ್ತದೆ. ಅದರ ಬದಲು ಪಾತ್ರೆ ಉಜ್ಜುವ ಪ್ಲಾಸ್ಟಿಕ್ ಬಲೆಯ ಸ್ಕ್ರಬ್ಬರುಗಳನ್ನು, ಸೋಪು ಹಾಕದ ಹೊಸವನ್ನು, ಚೆನ್ನಾಗಿ ತೊಳೆದು ತುಂಬಿದರೂ ಅದೇ ಬ್ಯಾಕ್ಟೀರಿಯಾ ಅಷ್ಟೇ ಸಂತೋಷದಿಂದ ಬೆಳೆಯುತ್ತದೆ. ಉಕ್ಕಿನ ಸ್ಕ್ರಬ್ಬರನ್ನು ಮಾತ್ರ ಎಂದೂ ಹಾಕಬಾರದು. ಪೆಟ್ಟಿಗೆಯ ಜೊತೆ ಇದ್ದಿಲಿನ ಚೀಲ ಬಂದಿದ್ದರೆ ಎತ್ತಿಡಿ. ಮೀನಿಗೆ ಔಷಧ ಹಾಕಿ ಗುಣವಾದ ಮೇಲೆ ನೀರಿನಲ್ಲಿ ಉಳಿದ ಔಷಧವನ್ನು ಹೀರಲು ಅದು ಬೇಕಾಗುತ್ತದೆ, ದಿನನಿತ್ಯ ಇರಬೇಕಾದದ್ದಲ್ಲ. ಯುವಿ ದೀಪದ ವಿಷಯವೂ ಹೆಚ್ಚುಕಡಿಮೆ ಹೀಗೆಯೇ. ನೀರು ಪಾಚಿಯಿಂದ ಹಸಿರುಗಟ್ಟಿದಾಗ ಅದು ಉಪಕಾರಿ, ಅಮೋನಿಯಾವನ್ನು ಅದು ಮುಟ್ಟುವುದೂ ಇಲ್ಲ. ಅದಕ್ಕೆಂದೇ ಹೆಚ್ಚು ದುಡ್ಡು ಕೊಡಬೇಕಾಗಿಲ್ಲ.

ಇನ್ನು ಮುಚ್ಚಳ. ಕ್ಯಾನಿಸ್ಟರಿನ ತಲೆಗೂ ಡಬ್ಬಿಗೂ ನಡುವೆ ಕೂರುವ ರಬ್ಬರ್ ಉಂಗುರ, ಅಂದರೆ ಓ-ರಿಂಗ್, ಇಡೀ ಯಂತ್ರದ ಅತ್ಯಂತ ಅಗ್ಗದ ಭಾಗ; ನಿಮ್ಮ ಮನೆಯ ನೆಲಕ್ಕೂ ನೂರಾರು ಲೀಟರ್ ನೀರಿಗೂ ನಡುವೆ ಇರುವುದು ಅದೊಂದೇ. ಒಂದು ಸಂಜೆ ಫಿಲ್ಟರ್ ತೊಳೆದು ಮುಚ್ಚಿದ ಮೇಲೆ ಕಪಾಟಿನಲ್ಲಿ ನಿಮಿಷಕ್ಕೊಂದು ಹನಿ ಬೀಳುವುದು ಕಂಡಿತು. ಕ್ಲಿಪ್ಪುಗಳನ್ನು ಬಿಗಿದೆ, ಬಿಚ್ಚಿದೆ, ಮತ್ತೆ ಬಿಗಿದೆ, ಹನಿ ನಿಲ್ಲಲಿಲ್ಲ. ಕೊನೆಗೆ ಉಂಗುರವನ್ನು ತೆಗೆದು ಟಾರ್ಚಿನ ಬೆಳಕಿನಲ್ಲಿ ಬೆರಳಾಡಿಸಿ ನೋಡಿದಾಗ ಸಾಸಿವೆಗಿಂತ ಚಿಕ್ಕದಾದ ಒಂದು ಮರಳಿನ ಕಣ ಅದರ ಮೈಗೆ ಅಂಟಿತ್ತು. ಅದನ್ನು ಒರೆಸಿ, ತೋಡನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ, ಉಂಗುರಕ್ಕೆ ಸಿಲಿಕೋನ್ ಗ್ರೀಸ್ ತೆಳುವಾಗಿ ಸವರಿ ಕೂರಿಸಿದೆ, ಹನಿ ನಿಂತಿತು. ವ್ಯಾಸಲೀನ್ ಸವರಬೇಡಿ; ಹಲವು ಬಗೆಯ ರಬ್ಬರು ಅದರಿಂದ ಉಬ್ಬಿ ಕೆಡುತ್ತದೆ.

ಆದ್ದರಿಂದ ಕೊಳ್ಳುವ ದಿನವೇ ಅಂಗಡಿಯವರನ್ನು ಕೇಳಬೇಕಾದ ಪ್ರಶ್ನೆ "ಇದಕ್ಕೆ ಓ-ರಿಂಗ್, ಇಂಪೆಲ್ಲರ್, ಕ್ಲಿಪ್ಪು ಬಿಡಿಯಾಗಿ ಕೊಡ್ತೀರಾ?" ಎಂಬುದು. ಇಂಪೆಲ್ಲರ್ ಎಂದರೆ ಮೋಟಾರಿನಲ್ಲಿ ತಿರುಗಿ ನೀರನ್ನು ನೂಕುವ ಪುಟ್ಟ ಚಕ್ರ. "ಸಿಗುತ್ತೆ ಸಾರ್" ಎಂಬ ಬಾಯಿಮಾತಿಗೆ ಒಪ್ಪದೆ ಅಲ್ಲೇ ತೋರಿಸಿ ಎನ್ನಿ, ಸಾಧ್ಯವಾದರೆ ಒಂದು ಓ-ರಿಂಗ್ ಮತ್ತು ಒಂದು ಇಂಪೆಲ್ಲರನ್ನು ಅಂದೇ ಕೊಂಡಿಟ್ಟುಕೊಳ್ಳಿ. ನಾನು ಮೊದಲು ತಂದಿದ್ದ ಫಿಲ್ಟರು, ಅದರ ಹೆಸರು ಇಲ್ಲಿ ಬೇಡ, ಉಳಿದವಕ್ಕಿಂತ ಎಂಟುನೂರು ರೂಪಾಯಿ ಕಡಿಮೆಗೆ ಸಿಕ್ಕಿತ್ತು. ಹದಿನಾಲ್ಕನೇ ತಿಂಗಳಲ್ಲಿ ಅದರ ಒಂದು ಕ್ಲಿಪ್ಪು ಮುರಿಯಿತು. ಶಿವಾಜಿನಗರದಿಂದ ಜಯನಗರದವರೆಗೆ ಅಲೆದರೂ ಆ ಅಳತೆಯ ಕ್ಲಿಪ್ಪು ಸಿಗಲಿಲ್ಲ. ಮೋಟಾರು ಸದ್ದಿಲ್ಲದೆ ತಿರುಗುತ್ತಿದ್ದ, ಮೀಡಿಯಾ ಹಣ್ಣಾಗಿದ್ದ ಫಿಲ್ಟರು ಅಂಗೈಯಗಲದ ಒಂದು ಪ್ಲಾಸ್ಟಿಕ್ ತುಂಡಿಲ್ಲದೆ ಗುಜರಿಗೆ ಹೋಯಿತು, ಅಂದು ನನಗಾದ ನೋವು ಎಂಟುನೂರು ರೂಪಾಯಿಯದ್ದಲ್ಲ. ಪೈಪಿನ ಅಳತೆಯನ್ನೂ ನೋಡಿಕೊಳ್ಳಿ: ಒಳ ಮತ್ತು ಹೊರ ವ್ಯಾಸ 12/16 ಅಥವಾ 16/22 ಮಿಲಿಮೀಟರಿನದಾದರೆ ಬದಲಿ ಹುಡುಕುವುದು ಸುಲಭ. ಎರಡೂ ಪೈಪುಗಳಿಗೆ ತಿರುಪುವ ನಲ್ಲಿ ಇರಲೇಬೇಕು. ಅದಿಲ್ಲದಿದ್ದರೆ ಪ್ರತಿ ಸಲ ತೊಳೆಯುವಾಗಲೂ ನೀರು ಚೆಲ್ಲಿ, ಬೇಸರದಿಂದ ತೊಳೆಯುವುದನ್ನೇ ಮುಂದೂಡುತ್ತೀರಿ.

ಕರೆಂಟಿನ ಲೆಕ್ಕವನ್ನು ಕೊಳ್ಳುವ ಬೆಲೆಯ ಪಕ್ಕದಲ್ಲೇ ಇಟ್ಟು ನೋಡಬೇಕು, ಏಕೆಂದರೆ ಫಿಲ್ಟರು ದಿನದ 24 ಗಂಟೆಯೂ ಓಡುತ್ತದೆ. 8 ವಾಟಿನ ಮೋಟಾರು ತಿಂಗಳಿಗೆ ಆರು ಯೂನಿಟ್ಟಿನೊಳಗೆ ಮುಗಿಸುತ್ತದೆ. 18 ವಾಟಿನದು ಹದಿಮೂರು, 35 ವಾಟಿನದು ಇಪ್ಪತ್ತೈದು, 55 ವಾಟಿನದು ನಲವತ್ತು ಯೂನಿಟ್ ತಿನ್ನುತ್ತದೆ. ಗೃಹಜ್ಯೋತಿಯ ಮಿತಿಯ ಅಂಚಿನಲ್ಲಿರುವ ಮನೆಗೆ ಈ ಇಪ್ಪತ್ತೈದು ಯೂನಿಟ್ ಸಣ್ಣದಲ್ಲ. ಕರೆಂಟು ಹೋದಾಗ ಏನಾಗುತ್ತದೆ ಎಂಬುದು ಇನ್ನೂ ಮುಖ್ಯ. ಒಂದು ಗ್ರಾಂ ಅಮೋನಿಯಾ ಸಾರಜನಕವನ್ನು ನೈಟ್ರೇಟ್ ಮಾಡಲು ಬ್ಯಾಕ್ಟೀರಿಯಾಗಳಿಗೆ ಸುಮಾರು 4.57 ಗ್ರಾಂ ಆಮ್ಲಜನಕ ಬೇಕು. ಮುಚ್ಚಿದ ಡಬ್ಬಿಯೊಳಗಿನ 5 ಲೀಟರ್ ನೀರಿನಲ್ಲಿ ಕರಗಿರುವುದು 40 ಮಿಲಿಗ್ರಾಂನಷ್ಟು ಮಾತ್ರ. ಹರಿವು ನಿಂತೊಡನೆ ಆ ಚಿಕ್ಕ ಗಂಟು ಕರಗತೊಡಗುತ್ತದೆ. ಗಂಟೆ, ಎರಡು ಗಂಟೆ ಹೋದರೆ ಭಯವಿಲ್ಲ. ಅರ್ಧ ದಿನ ನಿಂತಿದ್ದರೆ ಮಾತ್ರ ಸ್ವಿಚ್ಚು ಹಾಕುವ ಮುನ್ನ ಡಬ್ಬಿ ತೆರೆದು ಮೂಸಿ ನೋಡಿ: ಕೊಳೆತ ಮೊಟ್ಟೆಯ ವಾಸನೆ ಬಂದರೂ ಬರದಿದ್ದರೂ ಒಳಗಿನ ನೀರನ್ನು ಚೆಲ್ಲಿ, ಮೀಡಿಯಾವನ್ನು ಟ್ಯಾಂಕಿನ ನೀರಿನಲ್ಲಿ ಅದ್ದಿ ತೆಗೆದು, ಬಳಿಕವೇ ಚಾಲೂ ಮಾಡಿ. ಇಲ್ಲದಿದ್ದರೆ ಆ ಕೆಟ್ಟ ನೀರೆಲ್ಲ ಒಂದೇ ಸಲ ಮೀನುಗಳ ಮೇಲೆ ಬೀಳುತ್ತದೆ. ಮನೆಯಲ್ಲಿ ಯುಪಿಎಸ್ ಇದ್ದರೆ ಫಿಲ್ಟರಿನ ಪ್ಲಗ್ಗನ್ನು ಅದರ ಸಾಲಿಗೆ ಸೇರಿಸುವುದು ಒಳ್ಳೆಯದು. ಇಷ್ಟು ಚಿಕ್ಕ ಮೋಟಾರು ಬ್ಯಾಟರಿಗೆ ಹೊರೆಯಲ್ಲ. ಸ್ಕ್ವೇರ್ ವೇವ್ ಯುಪಿಎಸ್‌ನಲ್ಲಿ ಮೋಟಾರು ಗುಂಯ್ಗುಡಬಹುದು, ಸೈನ್ ವೇವ್ ಆದರೆ ಆ ತೊಂದರೆಯಿಲ್ಲ.

ಬೆಂಗಳೂರಿನ ನೀರು ಫಿಲ್ಟರಿನ ಮೇಲೆ ಎರಡು ಬಗೆಯಲ್ಲಿ ಕೈಯಿಡುತ್ತದೆ. ಸುಮಾರು ನೂರು ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಲ್ಲಿ ಶುದ್ಧಗೊಂಡು ಬರುವ ಕಾವೇರಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ನಮ್ಮ ಆರೋಗ್ಯಕ್ಕೆ ಅದು ಬೇಕು, ಆದರೆ ಮೀಡಿಯಾದ ಬ್ಯಾಕ್ಟೀರಿಯಾಕ್ಕೆ ಅದು ಮಾರಕ. 2024ರ ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತ ಚಾಲನೆಗೊಂಡ ಮೇಲೆ ಹಿಂದೆ ಬೋರ್‌ವೆಲ್ ಮತ್ತು ಟ್ಯಾಂಕರುಗಳನ್ನೇ ನಂಬಿದ್ದ ಹೊರವಲಯದ ಬಡಾವಣೆಗಳಿಗೂ ಈ ನೀರು ತಲುಪತೊಡಗಿದೆ. ಅಲ್ಲಿನವರು ಫಿಲ್ಟರನ್ನು ನಲ್ಲಿಯ ಕೆಳಗೆ ಹಿಡಿದು ತೊಳೆಯುವ ಹಳೆಯ ಅಭ್ಯಾಸವನ್ನು ಈಗ ಬಿಡಬೇಕು. ತಿಂಗಳಿಗೋ ಎರಡು ತಿಂಗಳಿಗೋ ಒಮ್ಮೆ, ಹರಿವು ಕುಗ್ಗಿದಾಗ, ಟ್ಯಾಂಕಿನಿಂದಲೇ ಅರ್ಧ ಬಕೆಟ್ ನೀರು ತೆಗೆದು ಅದರಲ್ಲಿ ಸ್ಪಾಂಜನ್ನು ಹಿಂಡಿ. ನೀರು ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗುತ್ತದೆ, ಸ್ಪಾಂಜು ಪೂರ್ತಿ ಬೆಳ್ಳಗಾಗಬೇಕೆಂದು ಹಟ ಹಿಡಿಯಬೇಡಿ. ಆ ನೀರನ್ನು ಕುಂಡದ ಗಿಡಗಳಿಗೆ ಹಾಕಿದರೆ ಅವು ಚಿಗುರುವ ಪರಿಯೇ ಬೇರೆ. ಬೋರ್‌ವೆಲ್ ನೀರಿನದು ಇನ್ನೊಂದು ಬಗೆಯ ಕಾಟ: ಗಡಸು ನೀರಿನ ಸುಣ್ಣ ಇಂಪೆಲ್ಲರಿನ ಆಯಸ್ಕಾಂತದ ಸುತ್ತ ಬಿಳಿಯಾಗಿ ಕಟ್ಟಿ, ಮೋಟಾರು ಗರಗರ ಎನ್ನತೊಡಗುತ್ತದೆ. ಇಂಪೆಲ್ಲರನ್ನು ಬಿಚ್ಚಿ ನಿಂಬೆರಸ ಬೆರೆಸಿದ ನೀರಿನಲ್ಲಿ ಅರ್ಧ ಗಂಟೆ ನೆನೆಸಿ ತೊಳೆದರೆ ಸದ್ದು ಅಡಗುತ್ತದೆ. ಅದರ ನಡುವಿನ ಸೆರಾಮಿಕ್ ಕಡ್ಡಿ ಬಳಪದಂತೆ ಪಟಕ್ಕನೆ ಮುರಿಯುವಂಥದ್ದು, ಎಳೆಯುವಾಗ ನೇರವಾಗಿ ಎಳೆಯಿರಿ.

ಹಳೆಯ ಫಿಲ್ಟರನ್ನು ಯಾರಾದರೂ ಕೈಬದಲಿಸುತ್ತಿದ್ದರೆ ಅದೂ ಒಳ್ಳೆಯ ವ್ಯಾಪಾರವೇ ಆಗಬಹುದು, ಓ-ರಿಂಗ್ ಹೊಸದಾಗಿ ಸಿಗುವ ಮಾದರಿಯಾಗಿದ್ದರೆ ಮಾತ್ರ. ಮೀಡಿಯಾವನ್ನು ಕುದಿಯುವ ನೀರಿನಲ್ಲಿ ಅದ್ದಿ ಒಣಗಿಸಿಕೊಳ್ಳಿ. ಬೇರೆಯವರ ಟ್ಯಾಂಕಿನ ರೋಗವನ್ನು ನಾವು ದುಡ್ಡು ಕೊಟ್ಟು ತರಬಾರದು.

ಹೊಸ ಕ್ಯಾನಿಸ್ಟರ್ ಬಂದ ದಿನವೇ ಹಳೆಯ ಫಿಲ್ಟರನ್ನು ಕಿತ್ತುಹಾಕಬೇಡಿ. ಹೊಸ ಮೀಡಿಯಾದಲ್ಲಿ ಬ್ಯಾಕ್ಟೀರಿಯಾ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಅಲ್ಲಿಯವರೆಗೆ ಎರಡೂ ಜೊತೆಯಾಗಿ ಓಡಲಿ, ಅಥವಾ ಹಳೆಯ ಸ್ಪಾಂಜಿನ ಒಂದು ತುಂಡನ್ನು ಕತ್ತರಿಸಿ ಹೊಸ ಡಬ್ಬಿಯ ನಡುವಿನ ಟ್ರೇಯಲ್ಲಿಡಿ. ನೀರೆಳೆಯುವ ಪೈಪಿನ ಬಾಯಿಯನ್ನು ಟ್ಯಾಂಕಿನ ತಳಕ್ಕೆ ತಾಗಿಸದೆ ಒಂದು ಗೇಣು ಮೇಲಿರಿಸಿ. ಎಂದಾದರೂ ಪೈಪು ಕಳಚಿಕೊಂಡರೆ ನೀರು ಆ ಮಟ್ಟಕ್ಕೆ ಇಳಿದು ನಿಲ್ಲುತ್ತದೆ, ಮೀನುಗಳಿಗೆ ಉಸಿರಾಡುವಷ್ಟಾದರೂ ಉಳಿಯುತ್ತದೆ. ವಿದ್ಯುತ್ ತಂತಿ ಪ್ಲಗ್ಗಿಗಿಂತ ಕೆಳಗೆ ಜೋತು ಬಂದು ಮತ್ತೆ ಮೇಲೇರುವಂತಿರಲಿ, ಹನಿ ಜಾರಿದರೂ ಸಾಕೆಟ್ಟಿಗೆ ಹೋಗದೆ ಕೆಳಗೆ ಉದುರುತ್ತದೆ. ಒಂದು ಪ್ಲಾಸ್ಟಿಕ್ ಟಬ್ಬಿನೊಳಗೆ ದಿನಪತ್ರಿಕೆಯ ಒಂದು ಹಾಳೆ ಹಾಸಿ, ಅದರ ಮೇಲೆ ಡಬ್ಬಿಯನ್ನು ಕೂರಿಸಿ, ರಾತ್ರಿಯಿಡೀ ಓಡಲು ಬಿಡಿ. ಬೆಳಿಗ್ಗೆ ಆ ಹಾಳೆಯ ಮೇಲೆ ಬೆರಳಗಲದ ಒದ್ದೆ ಕಂಡರೂ ಫಿಲ್ಟರನ್ನು ಅಂದೇ ಬಿಲ್ಲಿನ ಸಮೇತ ಅಂಗಡಿಗೆ ಒಯ್ದು ಬದಲಿಸಿಕೊಳ್ಳಿ. ಗರಿಗರಿಯಾಗಿ ಒಣಗಿದ್ದರೆ ಬಿಲ್ಲನ್ನು ಜೋಪಾನವಾಗಿ ಎತ್ತಿಟ್ಟು, ಕಪಾಟಿನ ಬಾಗಿಲು ಮುಚ್ಚಬಹುದು.